ಸೋಮವಾರದ ಹರಳು

ಭಟ್ಟಿಯ ವಹಿಯನ್ನು ನಾನು ಹದಿನೇಳು ವರ್ಷದಿಂದ ಬರೆಯುತ್ತ ಬಂದಿದ್ದೇನೆ. ಉದ್ದನೆಯ ರಟ್ಟಿನ ಪುಸ್ತಕ. ತಾರೀಖು, ವಾರ, ಯಾರ ಹರಳು, ಎಷ್ಟು ಡಿಗ್ರಿ, ಎಷ್ಟು ತಾಸು, ಕೊನೆಗೆ ಷರಾ. ಷರಾ ಅನ್ನುವಲ್ಲಿ ಏನು ಬರೆಯಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಕಂಡದ್ದನ್ನೆಲ್ಲ ಬರೆಯುತ್ತಿದ್ದೆ. ‘ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ.’ ‘ಒಂದಕ್ಕೆ ಕರೆಂಟ್ ಹೋಯಿತು, ನಾಲ್ಕಕ್ಕೆ ಬಂತು.’ ‘ಪಕ್ಕದ ಖೋಲಿಯಲ್ಲಿ ಗೋಡೆ ಒಡೆಯುತ್ತಿದ್ದಾರೆ, ಧೂಳು.’ ಒಮ್ಮೆ ‘ನನ್ನ ಡಬ್ಬಿಯ ಮಜ್ಜಿಗೆ ಚೆಲ್ಲಿತು, ಒರೆಸಿದೆ’ ಎಂದೂ ಬರೆದು, ಇದು ಪ್ರಯೋಗದ ವಹಿಯೋ ಮನೆಯ ಡೈರಿಯೋ ಎಂದು ಸರ್ ಕೈಯಲ್ಲಿ ಅನ್ನಿಸಿಕೊಂಡಿದ್ದೆ. ಇಷ್ಟೆಲ್ಲ ಬರೆದವಳು ಬರೆಯದೆ ಬಿಟ್ಟದ್ದು ಒಂದೇ ಸಂಗತಿ.

ನಾನು ಕೊಲ್ಹಾಪುರದ ಒಂದು ಭೌತಶಾಸ್ತ್ರ ಪ್ರಯೋಗಾಲಯದಲ್ಲಿ, ಅಲ್ಲಿನ ಪ್ರಾಧ್ಯಾಪಕರಾದ ಸರ್ ಕೈಕೆಳಗೆ ಅಟೆಂಡೆಂಟ್. ಮನೆ ಇಚಲಕರಂಜಿಯಲ್ಲಿ, ಯಜಮಾನರಿಗೆ ಅಲ್ಲಿ ನೂಲಿಗೆ ಗಂಜಿ ಹಾಕುವ ಸೈಜಿಂಗಿನಲ್ಲಿ ಕೆಲಸ. ತವರು ಗಡಹಿಂಗ್ಲಜ. ಬೆಳಿಗ್ಗೆ ಏಳೂಕಾಲಿನ ಬಸ್ಸು ಹಿಡಿದು, ಹಾತಕಣಂಗಲೆಯ ಮೇಲಿಂದ ಬಂದು, ಒಂಬತ್ತಕ್ಕೆ ಮೊದಲು ಬೀಗ ತೆಗೆಯುತ್ತೇನೆ. ಗುಡಿಸಿ, ಒರೆಸಿ, ಗ್ಯಾಸಿನ ಮುಳ್ಳು ನೋಡಿ, ಭಟ್ಟಿ ಚಾಲೂ ಮಾಡುತ್ತೇನೆ.

ಭಟ್ಟಿ ಎಂದರೆ ಬೆಂಕಿ ಕಾಣುವಂಥದ್ದಲ್ಲ. ಟ್ರಂಕಿನಷ್ಟು ದೊಡ್ಡ ಪೆಟ್ಟಿಗೆ, ಅದರ ನಡುವೆ ಈ ಕಡೆಯಿಂದ ಆ ಕಡೆಗೆ ಹಾಯುವ ಬಿಳಿ ನಳಿಗೆ. ನಳಿಗೆಯೊಳಗೆ ಬೆರಳುದ್ದದ ಬಿಳಿ ಪಿಂಗಾಣಿ ದೋಣಿ. ದೋಣಿಯಲ್ಲಿ ಹರಳು. ಹರಳು ಅಂದರೆ ಮೂಗುತಿಯದ್ದಲ್ಲ, ಟೈಟೇನಿಯಂ ಎಂಬ ಲೋಹ ಆಮ್ಲಜನಕದ ಜೊತೆ ಸೇರಿ ಆದದ್ದು. ಕಿರುಬೆರಳಿನ ಉಗುರಿನಷ್ಟು ಅಗಲ, ಉಗುರಿನಷ್ಟೇ ತೆಳು, ಒಂದು ಮೈ ಕನ್ನಡಿಯ ಹಾಗೆ ನುಣುಪು. ಎಡಗಡೆಯಿಂದ ಆಮ್ಲಜನಕ ಮೆಲ್ಲಗೆ ಹಾಯಿಸುತ್ತ ಒಂಬೈನೂರು ಡಿಗ್ರಿಯವರೆಗೆ ಕಾಯಿಸುವುದು, ಆಮೇಲೆ ತಾಸಿಗೆ ಇಷ್ಟೇ ಎಂದು ಲೆಕ್ಕ ಹಾಕಿ ನಿಧಾನಕ್ಕೆ ಇಳಿಸುವುದು. ಪ್ರತಿ ಸಲ ದೋಣಿಯನ್ನು ಆಸಿಡ್‌ನಲ್ಲಿ ತೊಳೆದು, ಒಣಗಿಸಿ, ಮುಚ್ಚಿಡುವುದು ನನ್ನ ಕೆಲಸ.

ಗಡಹಿಂಗ್ಲಜದಲ್ಲಿ ನಮ್ಮವ್ವ ಸೋಮವಾರ ಒಲೆ ಹೊತ್ತಿಸುವ ಮೊದಲು ಒಲೆಯ ಹಣೆಗೆ ಮೂರು ಬೆರಳು ವಿಭೂತಿ ಎಳೆಯುತ್ತಿದ್ದಳು. ಹೊಸ ಹಂಚು ಬಂದರೂ ಎಳೆಯುತ್ತಿದ್ದಳು, ಅಪ್ಪನ ಸೈಕಲ್ಲಿಗೂ, ನನ್ನ ಹೊಲಿಗೆ ಮಷೀನಿಗೂ. ಬೆಂಕಿ ಇರುವಲ್ಲಿ, ತಿರುಗುವ ಗಾಲಿ ಇರುವಲ್ಲಿ ಬರಿಗೈಯಲ್ಲಿ ಕೆಲಸ ಸುರು ಮಾಡಬಾರದು ಅನ್ನುವುದು ಅವಳ ರೀತಿ. ನಾನು ಕೆಲಸಕ್ಕೆ ಸೇರಿದ ಮೊದಲ ಸೋಮವಾರ ಭಟ್ಟಿಯ ಹೊರಮೈಗೆ ಮೂರು ಗೆರೆ ಎಳೆದೆ. ಯಾರೂ ಬೇಡ ಅನ್ನಲಿಲ್ಲ. ವರ್ಷಗಟ್ಟಲೆ ಆ ಗೆರೆ ಅಲ್ಲೇ ಇತ್ತು.

ಒಂದು ವರ್ಷ ಯಾವುದೋ ಸಮಿತಿ ನೋಡಲು ಬರುವುದಿತ್ತು. ಸರ್ ಕೋಣೆಯೆಲ್ಲ ತಿರುಗಿ ನೋಡುತ್ತ ಭಟ್ಟಿಯ ಮುಂದೆ ನಿಂತರು. “ಬಾಯಿ, ಹೇ ಪುಸೂನ್ ಟಾಕಾ,” ಎಂದರು, ಇದನ್ನು ಒರೆಸಿಬಿಡಿ ಎಂದು. “ಲ್ಯಾಬ್ ಆಹೆ ಹಿ, ದೇಊಳ್ ನಾಹೀ.” ಇದು ಲ್ಯಾಬು, ಗುಡಿಯಲ್ಲ. ಸಿಟ್ಟಿನಿಂದ ಅಂದದ್ದಲ್ಲ. ಒದ್ದೆ ಬಟ್ಟೆ ತಂದು ನಾನೇ ಒರೆಸಿದೆ.

ಮುಂದಿನ ಸೋಮವಾರ ಬಟನ್ ಒತ್ತಲು ಕೈ ಏಳಲಿಲ್ಲ. ಇಷ್ಟು ಸಣ್ಣದಕ್ಕೆ ಹೀಗೇಕೆ ಎಂದು ನನ್ನನ್ನೇ ಬೈದುಕೊಂಡು ಒತ್ತಿದೆ. ದಿನವಿಡೀ ಏನೋ ಮರೆತು ಬಂದ ಹಾಗೆ. ಅದರ ಮುಂದಿನ ಸೋಮವಾರ ಪರ್ಸಿನಿಂದ ವಿಭೂತಿ ಕರಡಿಗೆ ತೆಗೆದು, ದೋಣಿಯ ಒಳಗೆ, ಎಡತುದಿಯಲ್ಲಿ, ಹರಳಿನಿಂದ ಎರಡು ಬೆರಳು ದೂರ, ಮೂರು ಸಣ್ಣ ಗೆರೆ ಎಳೆದೆ. ಬಿಳಿಯ ಮೇಲೆ ಬಿಳಿ. ಯಾವ ಸಮಿತಿಯ ಕಣ್ಣಿಗೂ ಬೀಳುವಂತಿರಲಿಲ್ಲ. ಮನಸ್ಸು ಹಗುರಾಯಿತು. ಅಂದಿನಿಂದ ಪ್ರತಿ ಸೋಮವಾರ ಹಾಗೇ. ಷರಾದಲ್ಲಿ ಬರೆಯಲಿಲ್ಲ. ವಹಿ ಸರ್ ಓದುವಂಥದ್ದು.

ಸರ್ ಹತ್ತಿರ ಪಿಎಚ್.ಡಿ.ಗೆಂದು ಒಬ್ಬ ಹುಡುಗಿ ಬಂದದ್ದು ಇದಾದ ಮೇಲೆ. ಅವಳೂ ಇಚಲಕರಂಜಿಯವಳೇ. ಅಪ್ಪ ಪವರ್‌ಲೂಮಿನಲ್ಲಿ ನೇಯುವವರು, ಅಜ್ಜನ ಕಾಲಕ್ಕೆ ಬೆಳಗಾವಿ ಕಡೆಯಿಂದ ಬಂದವರು. ಮೊದಲ ದಿನ ಸರ್ ಜೊತೆ ಮರಾಠಿಯಲ್ಲಿ ಮಾತಾಡಿ ಮುಗಿಸಿ, ನನ್ನ ಹಣೆಯ ವಿಭೂತಿ ನೋಡಿ, “ಕಾಕೂ, ನೀವು ಕನ್ನಡದವರಲ್ರಿ?” ಎಂದಳು. ಅಷ್ಟೇ ಸಾಕಾಯಿತು. ಏಳೂಕಾಲಿನ ಬಸ್ಸಿನಲ್ಲಿ ಡ್ರೈವರಿನ ಹಿಂದಿನ ಎರಡನೆಯ ಸೀಟು ನಮ್ಮದಾಯಿತು. ಮೊದಲು ಹತ್ತಿದವರು ಇನ್ನೊಬ್ಬರಿಗೆ ಕರವಸ್ತ್ರ ಹಾಸಿ ಹಿಡಿಯುವುದು.

ಅವಳ ಮನೆಗೂ ಹೋಗಿದ್ದೆ. ಗೋಡೆಯ ಆಚೆಗೇ ಮಗ್ಗಗಳು. ನೆಲ ನಡುಗುತ್ತದೆ, ಲೋಟದೊಳಗಿನ ಚಹಾ ನಡುಗುತ್ತದೆ. ಅವಳ ಅಪ್ಪನಿಗೆ ಕಿವಿ ಮಂದ, ಎಲ್ಲರ ಜೊತೆಗೂ ಕೂಗಿಯೇ ಮಾತು. “ಬಾಯೀರಿ, ನಮ್ಮ ಹುಡುಗಿದು ಯಾವಾಗ ಮುಗಿತೈತ್ರಿ? ಹರಳ ಕಾಸೂದಂತ, ಆರಸೂದಂತ! ನಾಕ ವರ್ಷಾತು, ಇನ್ನೂ ಬೆಂದಿಲ್ಲೇನ್ರಿ ಅದು?” ಎಂದು ನಕ್ಕರು. ಒಳಗಿನಿಂದ ಅವಳು, “ಅಪ್ಪಾ, ಅದು ಬೇಯಿಸೂದಲ್ಲೋ,” ಎಂದು ಕೂಗಿದಳು. ಅವರಿಗೆ ಕೇಳಿಸಲಿಲ್ಲ.

ಬೇಯಿಸುವುದಲ್ಲ ಅಂದರೆ ಏನು ಎಂದು ನಾನೂ ಕೇಳಿದ್ದೆ. ಹದಿನೇಳು ವರ್ಷದಲ್ಲಿ ಆಗ ಹತ್ತೋ ಹನ್ನೊಂದೋ ಕಳೆದಿತ್ತು, ಆ ಹರಳಿಗೆ ಒಳಗೆ ಏನಾಗುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಅವಳು ಬಸ್ಸಿನಲ್ಲಿ ನನ್ನ ಸೆರಗಿನ ಅಂಚು ಹಿಡಿದು ತೋರಿಸಿದಳು.

“ಈ ಕಿನಾರಿ ನೋಡ್ರಿ ಕಾಕೂ. ನಡುವಿನ ಎಳಿಗೆ ಈ ಕಡೆ ಒಬ್ಬಾಕಿ, ಆ ಕಡೆ ಒಬ್ಬಾಕಿ ಹಿಡ್ಕೊಳ್ಳಾಕ ಇರ್ತಾರ. ಕಡೀ ಎಳಿಗೆ ಒಂದ ಕಡೆ ಮಂದಿ, ಇನ್ನೊಂದ ಕಡೆ ಏನೂ ಇಲ್ಲ. ಅದಕ್ಕ ಅದು ಒಳಗ ಸರೀತೈತಿ, ಮುದುಡತೈತಿ, ಹೆಂಗ ಆಗತೈತೋ ಹಂಗ ಹೊಂದ್ಕೊಳ್ತೈತಿ. ಹರಳಿನ ಮ್ಯಾಲಿನ ಸಾಲಿನ ಅಣುಗೋಳದೂ ಅದ ಹಣೇಬರ. ಮ್ಯಾಲ ಹಿಡ್ಕೊಳ್ಳಾಕ ಯಾರೂ ಇಲ್ಲ.”

“ಮತ್ತ ಒಳಗಿನವು?”

“ಒಳಗಿನವಕ್ಕ ಏನೂ ಗೊತ್ತ ಇರೂದಿಲ್ರಿ. ಇದ್ದಂಗ ಇರ್ತಾವ.”

“ನಮ್ಮನಿ ಗಂಡಸರಂಗ ಅನ್ನು,” ಎಂದೆ. ಅವಳು ನಕ್ಕ ಜೋರಿಗೆ ಕಂಡಕ್ಟರ್ ತಿರುಗಿ ನೋಡಿದ.

ತಣ್ಣಗಿರುವಾಗ ಆ ಮೇಲಿನವು ಸರಿಯಬೇಕೆಂದರೂ ಸರಿಯಲಾರವಂತೆ. ಕಾಯಿಸಿದರೆ ಕಾಲು ಬರುತ್ತವೆ. ಪಾಲಿಶ್ ಮಾಡಿದ ಹರಳು ನಮ್ಮ ಕಣ್ಣಿಗೆ ಕನ್ನಡಿ. ಆದರೆ ಸೂಜಿಯಿಂದ ತಡವಿ ನೋಡುವ ಮೈಕ್ರೊಸ್ಕೋಪಿನ ಚಿತ್ರದಲ್ಲಿ ಅದು ಅಗೆದುಬಿಟ್ಟ ರಸ್ತೆ. ಒಂಬೈನೂರು ಡಿಗ್ರಿಯಲ್ಲಿ ಕೆಲವು ತಾಸು ಇಟ್ಟು ತೆಗೆದದ್ದರ ಚಿತ್ರ ತೋರಿಸಿದಳು. ಪಂಚಗಂಗಾ ಹೊಳೆಯ ಘಾಟಿನ ಹಾಗೆ ಮೆಟ್ಟಿಲು, ಮೆಟ್ಟಿಲು, ಎಲ್ಲ ಒಂದೇ ಅಳತೆ. ನಾನು ದಿನಾ ಬಟನ್ ಒತ್ತಿ ಮಾಡುತ್ತಿದ್ದ ಕೆಲಸ ಇದು ಎಂದು ಅಂದೇ ತಿಳಿದದ್ದು. ಆ ಚಿತ್ರದ ಒಂದು ಪ್ರತಿ ತೆಗೆಸಿಕೊಂಡು ಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದೆ.

ಅವಳ ಥೀಸಿಸ್‌ನ ಪ್ರಶ್ನೆ ಮೆಟ್ಟಿಲಿಗಿಂತ ಸಣ್ಣದು. ಮೆಟ್ಟಿಲಿನ ಮೇಲೆ ಅಣುಗಳ ಸಾಲು ಹೇಗೆ ಕುಳಿತಿದೆ, ಯಾವ ಬಿಸಿಯಲ್ಲಿ ಆ ಕೂರುವ ರೀತಿ ಬದಲಾಗುತ್ತದೆ. ಅದು ಕೊಲ್ಹಾಪುರದಲ್ಲಿ ಕಾಣುವುದಿಲ್ಲ. ಅದಕ್ಕೆ ಬೇರೆ ಊರಿನ ಒಂದು ದೊಡ್ಡ ಪ್ರಯೋಗಾಲಯಕ್ಕೆ ಹರಳುಗಳನ್ನು ಒಯ್ಯಬೇಕು, ಅಲ್ಲಿ ಗಾಳಿಯೆಲ್ಲ ಹೀರಿದ ಉಕ್ಕಿನ ಡಬ್ಬಿಯೊಳಗಿಟ್ಟು ಇಲೆಕ್ಟ್ರಾನು ಬಿಡುತ್ತಾರೆ. ಹಸಿರು ಪರದೆಯ ಮೇಲೆ ಚುಕ್ಕೆಗಳು ಮೂಡುತ್ತವೆ, ರಂಗೋಲಿ ಹಾಕುವ ಮೊದಲು ಇಟ್ಟ ಹಾಗೆ. ಸಾಲು ಹಳೆಯ ರೀತಿಯಲ್ಲೇ ಇದ್ದರೆ ಹಳೆಯ ಚುಕ್ಕೆ. ಬದಲಾದರೆ ನಡುವೆ ಹೊಸ ಚುಕ್ಕೆ. ಆ ಯಂತ್ರಕ್ಕೆ ಪಾಳಿ. ಒಮ್ಮೆ ಸರತಿ ತಪ್ಪಿದರೆ ಮತ್ತೆ ಸಿಗುವುದು ಐದಾರು ತಿಂಗಳಿಗೆ.

ನಾಲ್ಕನೆಯ ವರ್ಷ ಅವಳು ಅಲ್ಲಿಂದ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಬ್ಯಾಗು ಕೂಡ ಇಳಿಸದೆ ನನ್ನ ವಹಿ ಎಳೆದುಕೊಂಡು ಪುಟ ತಿರುವಿದಳು. ಕೆಲವು ಹರಳುಗಳಲ್ಲಿ ಎರಡು ಹಳೆಯ ಚುಕ್ಕೆಗಳ ನಡುವೆ ಎರಡೆರಡು ಹೊಸ ಚುಕ್ಕೆ ಬಂದಿದ್ದವು. ಮೂರು ಸಾಲಿಗೊಮ್ಮೆ ಏನೋ ಬದಲಾಗಿದೆ ಎಂದು ಅದರ ಅರ್ಥವಂತೆ. ಉಳಿದವುಗಳಲ್ಲಿ ಏನೂ ಇಲ್ಲ. ಅವಳು ಪೆನ್ಸಿಲ್ಲಿನಿಂದ ಒಂದೊಂದನ್ನೇ ಗುರುತು ಮಾಡುತ್ತ ಹೋದಳು.

“ಕಾಕೂ! ಎಲ್ಲಾ ಸೋಮಾರದವು!”

ನನ್ನ ಷರಾ ಓದಿದಳು. ‘ಒಂದಕ್ಕೆ ಕರೆಂಟ್ ಹೋಯಿತು.’ ‘ಒಂದೂಕಾಲಿಗೆ ಕರೆಂಟ್ ಹೋಯಿತು.’ ಸೋಮವಾರ ನಮ್ಮ ಭಾಗದಲ್ಲಿ ದುರಸ್ತಿಗೆಂದು ಕರೆಂಟ್ ತೆಗೆಯುತ್ತಿದ್ದರು. ಬೇರೆ ದಿನ ಭಟ್ಟಿ ನಿಧಾನಕ್ಕೆ ಇಳಿಯುತ್ತದೆ, ಮೇಲಿನ ಅಣುಗಳು ತಮ್ಮ ತಮ್ಮ ಹಳೆಯ ಜಾಗಕ್ಕೆ ಮರಳಲು ಸಮಯ ಸಿಗುತ್ತದೆ. ಸೋಮವಾರ ಬಿಸಿ ಒಮ್ಮೆಲೇ ಬೀಳುತ್ತದೆ, ಅವು ಎಲ್ಲಿದ್ದವೋ ಅಲ್ಲೇ ಗಟ್ಟಿಯಾಗುತ್ತವೆ. ಅಂದರೆ ಉರಿಯಲ್ಲಿದ್ದಾಗ ಅವು ಹೇಗೆ ಕೂರುತ್ತವೆ ಎಂಬುದು ಸೋಮವಾರದ ಹರಳಿನಲ್ಲಿ ಹಾಗೇ ಉಳಿದುಬಿಟ್ಟಿದೆ. ಅವಳು ಹೀಗೆ ಬಿಡಿಸಿ ಹೇಳುವಾಗ ನನಗೂ ಮೈ ಜುಮ್ಮೆಂದಿತು. “ನಿಮ್ಮ ವಹೀನ ನನ್ನ ಥೀಸಿಸ್ ರೀ,” ಎಂದಳು. ಸಂಜೆ ಪೇಢೆ ತಂದಳು. ಸರ್ ಕೂಡ ಒಂದು ತಿಂದು, ಇನ್ನೊಂದಕ್ಕೆ ಕೈ ಚಾಚಿದರು.

ಬುಧವಾರವೋ ಗುರುವಾರವೋ ನಾವೇ ಸ್ವಿಚ್ ತೆಗೆದು ನೋಡೋಣ ಎಂದು ಅವಳು ಕೇಳಿದ್ದಳು. ಸರ್ ಒಪ್ಪಲಿಲ್ಲ. “ಕಾಯಿಲ್ ತುಟಲೀ ತರ್?” ಎಂದರು. ಸುರುಳಿ ಮುರಿದರೆ? ಭಟ್ಟಿ ಹಳೆಯದು, ಲೈಟಿನವರು ತೆಗೆದಾಗ ಮುರಿದರೆ ಅದು ದೈವ, ನಾವೇ ತೆಗೆದು ಮುರಿದರೆ ಕಾಗದಪತ್ರ ಯಾರು ಬರೆಯುವುದು? ಸೋಮವಾರ ಹೇಗೂ ತಾನಾಗಿ ಆಗುತ್ತಿದೆಯಲ್ಲ. ಆಮೇಲೆ ಒಂದೂವರೆ ವರ್ಷ ಸೋಮವಾರ ಸೋಮವಾರ ಹರಳು ಕಾಯಿಸಿದೆವು. ಪ್ರತಿ ಸೋಮವಾರ ಅವಳು ಬರುವ ಹತ್ತು ನಿಮಿಷ ಮೊದಲು ನಾನು ನನ್ನ ಮೂರು ಬೆರಳು ಎಳೆಯುತ್ತಿದ್ದೆ. ಆ ದಿನಗಳಲ್ಲಿ ಸ್ವಲ್ಪ ಹೆಚ್ಚೇ ಭಕ್ತಿಯಿಂದ ಎಳೆಯುತ್ತಿದ್ದೆ. ಹುಡುಗಿಯದು ಮುಗಿಯಲಿ ಎಂದು.

ಥೀಸಿಸ್ ಒಪ್ಪಿಸುವ ಅವಳ ಮುದತು ಎರಡು ಸಲ ಬೆಳೆಸಿ ಆಗಿತ್ತು. ಮೂರನೆಯ ಸಲ ಬೆಳೆಸುವ ನಿಯಮವಿಲ್ಲ. ಕೊನೆಯ ನಾಲ್ಕು ತಿಂಗಳು ಉಳಿದಿದ್ದಾಗ, ಒಂದು ಬೆಳಿಗ್ಗೆ ಬಸ್ಸಿನಲ್ಲಿ ಅವಳು ಕರವಸ್ತ್ರ ಹಾಸಿರಲಿಲ್ಲ. ಬೇರೆಯವರು ಕುಳಿತಿದ್ದರು. ಹಾತಕಣಂಗಲೆಯಲ್ಲಿ ಸೀಟು ಖಾಲಿಯಾದ ಮೇಲೆ ಪಕ್ಕಕ್ಕೆ ಬಂದೆ.

“ಕಾಕೂ, ಸೋಮಾರದ ಹರಳಿನ್ಯಾಗ ಕ್ಯಾಲ್ಸಿಯಂ ಸಿಕ್ಕೈತಂತ. ಅಲ್ಲೇ ದೊಡ್ಡ ಲ್ಯಾಬಿನವರು ತಪಾಸ ಮಾಡ್ಯಾರ. ಬ್ಯಾರೆ ಹರಳಿನ್ಯಾಗ ಇಲ್ಲ.”

“ಅಂದ್ರ?”

“ಅಂದ್ರ ಸುಣ್ಣರಿ. ಸುಣ್ಣದಾಗಿನ ಲೋಹ. ಅದು ದಪ್ಪ ಮನಷಾ ಇದ್ದಂಗ, ಒಳಗ ಹಿಡಿಸೂದಿಲ್ಲ. ಕಾಸಿದ ಕೂಡ್ಲೆ ಮ್ಯಾಲ ಬಂದು ಕೂಡತೈತಿ. ಮೂರ ಸಾಲಿಗೊಮ್ಮೆ ಅದ ಕೂತಿದ್ರ? ಲೈಟ್ ಹೋಗಿದ್ದಕ್ಕೂ ಆ ಚುಕ್ಕಿಗೂ ಸಂಬಂಧನ ಇಲ್ಲಂದ್ರ?” ಅವಳು ಕಿಟಕಿಯ ಕಂಬಿಗೆ ಹಣೆ ಆನಿಸಿದ್ದಳು. “ಎಲ್ಲಿಂದ ಬಂದಿರಬೇಕ್ರಿ ಅದು? ಸೋಮಾರ ಅಷ್ಟ?”

ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಎಳೆದುಕೊಂಡು ದಾರಿ ಬಿಡದೆ ಹೋಗುತ್ತಿತ್ತು. ನನ್ನ ಬಲಗೈಯ ಮೂರು ಬೆರಳು ಪರ್ಸಿನ ಮೇಲಿದ್ದವು. ಪರ್ಸಿನೊಳಗೆ ಕರಡಿಗೆ. ಆ ಕ್ಷಣಕ್ಕೇ ನನಗೆ ಗೊತ್ತಾಯಿತು. ಎಡಗಡೆಯಿಂದ ಗ್ಯಾಸು, ಎಡತುದಿಯಲ್ಲಿ ಸುಣ್ಣ ಬೆರೆತ ಬೂದಿ, ಅದರ ಮುಂದೆ ಹರಳು. ಶಾಲೆ ಬಿಟ್ಟು ಎಷ್ಟು ವರ್ಷವಾಗಿದ್ದರೂ ಇಷ್ಟು ತಿಳಿಯದಿರಲು ನಾನು ದಡ್ಡಿಯಲ್ಲ.

“ನೀರಿಂದ ಇರಬೇಕು ನೋಡವ್ವಾ,” ಎಂದೆ. “ಈ ಕಡೆ ನೀರು ಭಾಳ ಗಡಸ. ಕೊಡದ ತಳಕ್ಕ ಬೆಳ್ಳಗ ಕಟ್ಟತೈತಿ.”

ಅವಳು ತಲೆ ಎತ್ತಿ, “ಹೌದಲ್ರಿ,” ಎಂದಳು.

ಹೌದಲ್ರಿ ಅಂದ ಆ ದನಿ ನನ್ನ ಕಿವಿಯಿಂದ ಹೋಗಿಲ್ಲ. ನಾನು ಹೇಳಿದ್ದೆಲ್ಲ ಖರೇ ಎಂದು ನಂಬಿದ ದನಿ.

ಮುಂದಿನ ಮೂರು ವಾರ ಅವಳು ನೀರಿನ ಬೆನ್ನು ಹತ್ತಿದಳು. ನಲ್ಲಿಯ ನೀರು, ಟಾಕಿಯ ನೀರು, ಬಟ್ಟಿ ಇಳಿಸಿದ ನೀರು, ಒಂದೊಂದರಲ್ಲಿ ತೊಳೆದು ಒಂದೊಂದು ಹರಳು ಕಾಯಿಸಿದಳು. ಗೋಡೆಯ ಸುಣ್ಣ ಕೆರೆದು ಪೊಟ್ಟಣ ಕಟ್ಟಿದಳು. ಪಕ್ಕದ ವರ್ಗದ ಸೀಮೆಸುಣ್ಣದ ಪುಡಿ ಬರುತ್ತದೆಂದು ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿದಳು. ನಾನು ಬಟ್ಟೆ ಹಿಂಡಿ ಹಿಂಡಿ ಕೊಟ್ಟೆ. ಸೋಮವಾರಗಳಲ್ಲಿ ಅವಳು ಕಾಯಿಸಲಿಲ್ಲ. ಮೂಲ ಸಿಗುವ ತನಕ ಬೇಡ ಎಂದಿದ್ದಳು. ಹಾಗಾಗಿ ನನ್ನ ಕೈ ಏನು ಮಾಡುತ್ತಿತ್ತು ಎಂದು ಕೇಳುವ ಸಂದರ್ಭವೇ ಬರಲಿಲ್ಲ. ಪ್ರತಿದಿನ ಬಸ್ಸಿನಲ್ಲಿ ಇವತ್ತು ಹೇಳಿಬಿಡೋಣ ಎಂದುಕೊಳ್ಳುತ್ತಿದ್ದೆ. ಹಾತಕಣಂಗಲೆ ದಾಟಲಿ, ಆಮೇಲೆ. ಶಿರೋಲಿಯ ಕಾರ್ಖಾನೆಗಳು ಬರಲಿ, ಆಮೇಲೆ. ನೌಕರಿ ಹೋಗುತ್ತದೆಂಬ ಭಯವಿತ್ತು, ಇಲ್ಲವೆನ್ನುವುದಿಲ್ಲ. ಅದಕ್ಕಿಂತ ದೊಡ್ಡದು, ಅವಳು ನನ್ನ ಕಡೆ ನೋಡುವ ರೀತಿ ಬದಲಾಗುತ್ತದೆ ಎಂಬುದು.

ಮೂರನೆಯ ವಾರ ಅವಳ ಸರತಿ ಬಂತು. ನೀರಿನ ಆರು ಹರಳುಗಳನ್ನು ಹತ್ತಿಯಲ್ಲಿಟ್ಟುಕೊಂಡು ದೊಡ್ಡ ಪ್ರಯೋಗಾಲಯಕ್ಕೆ ಹೋದಳು. ಸ್ಟ್ಯಾಂಡಿನವರೆಗೆ ನಾನೇ ಚೀಲ ಹಿಡಿದುಕೊಂಡು ಹೋದೆ. ಆಗಲೂ ಹೇಳಲಿಲ್ಲ.

ಆರರಲ್ಲೂ ಏನೂ ಸಿಗಲಿಲ್ಲ. ಸುಣ್ಣವೂ ಇಲ್ಲ, ಹೊಸ ಚುಕ್ಕೆಯೂ ಇಲ್ಲ. ಮುಂದಿನ ಸರತಿ ಅವಳ ಮುದತು ಮುಗಿದ ಮೇಲೆ.

ಆ ಭಾನುವಾರ ಗಡಹಿಂಗ್ಲಜಕ್ಕೆ ಹೋದೆ. ಅವ್ವ ಅಣ್ಣನ ಮನೆಯಲ್ಲಿ ಗಟ್ಟಿಮುಟ್ಟಾಗಿದ್ದಾಳೆ, ಸೊಸೆಯ ಜೊತೆ ದಿನಾ ಜಗಳವಾಡುವಷ್ಟು. ಬೆಳಿಗ್ಗೆ ಚಹಾ ಇಡುತ್ತಿದ್ದಳು. ಗ್ಯಾಸಿನ ಒಲೆ ಥಳಥಳ ಹೊಳೆಯುತ್ತಿತ್ತು. ಅದರ ಮೇಲೆಲ್ಲೂ ಗೆರೆ ಇರಲಿಲ್ಲ.

“ಯವ್ವಾ, ಒಲಿಗೆ ವಿಭೂತಿ ಹಚ್ಚೂದಿಲ್ಲೇನ ಈಗ?”

“ಏ ಬಿಟ್ಟು ಭಾಳ ವರ್ಷಾತು. ಗ್ಯಾಸಿಗೆ ಹಚ್ಚಿದ್ರ ಪುಡಿ ಉದುರಿ ಬರ್ನರಿನ ತೂತ ಕಟ್ಟತೈತಿ. ರಿಪೇರಿಯವನ ಕಡೆ ಬೈಸ್ಕೊಂಡೆ ಒಮ್ಮೆ.” ಅವಳು ಚಹಾ ಸೋಸಿದಳು. “ಹಚ್ಚಬೇಕಂದ್ರ ನಿನ್ನ ಹಣಿಗೆ ಹಚ್ಕೋ, ಅಲ್ಲೇನ ತೂತ ಇಲ್ಲ. ಯಾಕ, ನೀ ಇನ್ನೂ ಹಚ್ಚತೀಯೇನ?”

ಅವ್ವ ನನ್ನ ಮುಖ ನೋಡಿ, “ಏನ ಕಟ್ಟಿತು?” ಎಂದಳು.

ಎಲ್ಲ ಹೇಳಿದೆ. ಅಣುವಿನ ಮಾತೆಲ್ಲ ಅವಳಿಗೆ ಎಷ್ಟು ತಿಳಿಯಿತೋ. ಲೋಟ ಬರಿದಾಗುವವರೆಗೆ ಕೇಳಿ, “ಆ ಕೂಸಿಗೆ ಹೇಳಿ ಬಾ ಮೊದಲ. ಹೇಳದ ಇದ್ರ ನನ್ನ ಮುಂದ ಹಿಂಗ ಬಂದು ಕೂಡಬ್ಯಾಡ,” ಎಂದಳು.

ಸೋಮವಾರ ಒಂದು ಗಂಟೆಗೆ ಕರೆಂಟ್ ಹೋಯಿತು. ಪಂಖಾ ನಿಂತಿತು. ಹುಡುಗಿ ಲ್ಯಾಬಿನ ಕಿಟಕಿಯ ಬಳಿ ಸ್ಟೂಲಿನ ಮೇಲೆ ಕುಳಿತು ಸುಮ್ಮನೆ ವಹಿಯ ಪುಟ ತಿರುವುತ್ತಿದ್ದಳು. ನಾನು ಕರಡಿಗೆ ತೆಗೆದು ಅವಳ ಮುಂದೆ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದೆ. ಅದರ ಪಕ್ಕಕ್ಕೆ ದೋಣಿ ಇಟ್ಟೆ. ಬೇರೆ ಮಾತು ಬೇಕಾಗಲಿಲ್ಲ. ಅವಳು ವಿಭೂತಿಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು, ದೋಣಿ ನೋಡಿದಳು, ಗ್ಯಾಸಿನ ನಳಿಗೆ ನೋಡಿದಳು.

“ಯಾವಾಗಿಂದ್ರಿ?”

“ನೀ ಬರೂಕಿಂತ ಮೊದಲಿಂದ.”

“ಸೋಮಾರ ಸೋಮಾರ?”

“ಹೂಂ.”

ಅವಳು ವಹಿಯಲ್ಲಿ ತನ್ನ ಪೆನ್ಸಿಲ್ ಗುರುತಿದ್ದ ಪುಟಕ್ಕೆ ಹೋದಳು. ಆಮೇಲೆ, “ಅಂದ ಬಸ್ಸಿನ್ಯಾಗ ನಾ ಕೇಳಿದಾಗ ನಿಮಗ ಗೊತ್ತಿತ್ತೇನ್ರಿ?” ಎಂದಳು.

ಇದೊಂದನ್ನು ಅವಳು ಕೇಳದಿರಲಿ ಎಂದುಕೊಂಡಿದ್ದೆ.

“ಗೊತ್ತಿತ್ತವ್ವಾ.”

“ನೀರು ಅಂದ್ರಿ.”

“ಅಂದೆ.”

ಅವಳು ಕರಡಿಗೆಯ ಮುಚ್ಚಳ ಹಾಕಿದಳು, ನನಗೆ ಕೊಟ್ಟಳು. “ನೀವು ವಿಭೂತಿ ಹಚ್ಚಿದ್ದಕ್ಕ ನನಗ ಸಿಟ್ಟಿಲ್ರಿ. ನಮ್ಮಪ್ಪನೂ ಮಗ್ಗಕ್ಕ ಹಚ್ಚತಾನ. ಆ ಆರು ಹರಳು ಒಯ್ಯೂ ಮುಂದ ಹೇಳಿದ್ರ ಬ್ಯಾರೆ ಒಯ್ತಿದ್ದೆ.” ಅಷ್ಟು ಹೇಳಿ ಹೊರಗೆ ಹೋದಳು. ನಾಲ್ಕು ಗಂಟೆಗೆ ಕರೆಂಟ್ ಬಂದಾಗ ಪಂಖಾದ ಗಾಳಿಗೆ ಅವಳು ಬಿಟ್ಟುಹೋದ ಪುಟಗಳು ತಾವೇ ಮಗುಚಿಕೊಂಡವು.

ಸರ್‌ಗೆ ಅವಳು ಹೇಳಿದ್ದು ಇಷ್ಟೇ: ದೋಣಿಯಲ್ಲಿ ಧೂಳು ಬೀಳುತ್ತಿತ್ತು, ಮೂಲ ಸಿಕ್ಕಿದೆ. ಸರ್ ಬಹಳ ಹೊತ್ತು ಕನ್ನಡಕ ಒರೆಸಿದರು. ಸುಣ್ಣದ ಮಾತು ಬಿಟ್ಟು, ಬೇಗ ತಣಿಸಿದ್ದರ ಅಧ್ಯಾಯವನ್ನು ಇದ್ದ ಹಾಗೇ ಕೊಟ್ಟರೆ ಪರೀಕ್ಷಕರಿಗೆ ತಿಳಿಯುವುದಿಲ್ಲವೇನೋ ಎಂದು ಅರ್ಧ ಹೇಳಿ, ಅವರೇ ನಿಲ್ಲಿಸಿದರು. ಅವಳು, “ನಾಹೀ ಸರ್,” ಎಂದಳು. ಮುದತಿಗಾಗಿ ಸರ್ ಒಂದು ಪತ್ರ ಬರೆದರು. ನಿಯಮವಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಆ ಅಧ್ಯಾಯ ತೆಗೆದರೆ ಥೀಸಿಸ್‌ನಲ್ಲಿ ಉಳಿಯುವುದು ಮೆಟ್ಟಿಲುಗಳ ಚಿತ್ರ ಮಾತ್ರ, ಅದನ್ನು ಬೇರೆಯವರು ಎಂದೋ ಮಾಡಿ ಮುಗಿಸಿದ್ದಾರೆ.

ಆದರೂ ಅವಳು ಎರಡು ಹರಳು ಕಾಯಿಸಿದಳು. ಒಂದು ಸೋಮವಾರ, ಕರೆಂಟ್ ಹೋಗುವ ದಿನ, ವಿಭೂತಿ ಇಲ್ಲದೆ. ಇನ್ನೊಂದು ಬುಧವಾರ, ಕರೆಂಟ್ ಇರುವ ದಿನ, ವಿಭೂತಿ ಹಚ್ಚಿ. ಹಚ್ಚಬೇಕಾದವಳು ನಾನೇ.

“ಸೋಮಾರ ಹಚ್ಚಿದಂಗ ಹಚ್ಚ್ರಿ ಕಾಕೂ. ಕಡಿಮಿ ಬ್ಯಾಡ, ಹೆಚ್ಚ ಬ್ಯಾಡ. ಭಕ್ತೀನೂ ಅಷ್ಟ ಇರ್ಲಿ.”

ಚುಚ್ಚಿದಳೋ, ಪ್ರಯೋಗದ ಮಾತು ಹೇಳಿದಳೋ ತಿಳಿಯಲಿಲ್ಲ. ನಡುವಿನ ಗೆರೆ ಸೊಟ್ಟಗಾಯಿತು. ತೊಳೆದು, ಒಣಗಿಸಿ, ಮತ್ತೆ ಎಳೆದೆ. ಅವಳು ಪಕ್ಕದಲ್ಲಿ ನಿಂತು ಫೋಟೊ ತೆಗೆದುಕೊಂಡಳು. ಆಮೇಲೆ ಒಮ್ಮೆ, ನನ್ನ ಕಡೆ ನೋಡದೆ, “ಮೂರ ಬೆರಳಿಗೆ ಮೂರ ಸಾಲು. ಲೆಕ್ಕ ಬರೋಬ್ಬರಿ ಐತಿ,” ಎಂದು ನಕ್ಕಳು. ಬಸ್ಸಿನ ಆ ನಗೆಯಲ್ಲ.

ಎರಡೂ ಹರಳುಗಳನ್ನು ಕುರಿಯರಿನಲ್ಲಿ ಕಳಿಸಿದಳು. ಜೊತೆಗಿಟ್ಟ ಚೀಟಿಯನ್ನು ನನಗೆ ಓದಿ ಹೇಳಿದಳು. ಕ್ಯಾಲ್ಸಿಯಂನ ಮೂಲ ಎಂಬಲ್ಲಿ ‘ಪ್ರಯೋಗಾಲಯದ ಧೂಳು’ ಎಂದಿತ್ತು.

“ಖರೇದ್ದ ಬರಿಯವ್ವಾ. ನನ್ನ ಕೈಯಿಂದ ಆದದ್ದು ಅಂತ ಬರಿ,” ಎಂದೆ.

“ವಿಭೂತಿ ಅಂತ ಬರದ್ರ ನಗತಾರ್ರಿ. ನಿಮ್ಮನ್ನಲ್ಲ, ನಿಮ್ಮನ್ನ ಅವರು ನೋಡಿಲ್ಲ. ನನ್ನ ನೋಡಿ ನಗತಾರ. ನಿಮ್ಮ ಕಡೆಯವರು ಹಿಂಗ ಏನ ಅಂತಾರ.” ಲಕೋಟೆಯ ಬಾಯಿ ಅಂಟಿಸಿದಳು. “ಧೂಳಿಗೆ ಯಾರೂ ನಗೂದಿಲ್ಲ.”

ಉತ್ತರ ಬರುವ ಹೊತ್ತಿಗೆ ಅವಳ ಮುದತು ಮುಗಿದು ತಿಂಗಳಾಗಿತ್ತು. ಸೋಮವಾರದ್ದರಲ್ಲಿ ಹೊಸ ಚುಕ್ಕೆ ಇರಲಿಲ್ಲ. ಬುಧವಾರದ್ದರಲ್ಲಿ ಇತ್ತು. ಸರ್ ಅದನ್ನು ಕಂಪ್ಯೂಟರಿನಲ್ಲಿ ತೋರಿಸಿ, “ಬರೋಬರ್ ಹೋತಂ ತಿಚಂ,” ಎಂದರು, ಅವಳು ಹೇಳಿದ್ದು ಸರಿಯಿತ್ತು ಎಂದು. ಒಪ್ಪಿಸಲು ಥೀಸಿಸ್ ಇರಲಿಲ್ಲ.

ಈಗ ಅವಳು ಇಚಲಕರಂಜಿಯಲ್ಲೇ ನೂಲು ಪರೀಕ್ಷೆ ಮಾಡುವ ಒಂದು ಖೋಲಿಯಲ್ಲಿ ಕೆಲಸ ಮಾಡುತ್ತಾಳೆ. ಎಳೆ ಎಷ್ಟು ಭಾರಕ್ಕೆ ಕಡಿಯುತ್ತದೆಂದು ನೋಡಿ ಬರೆಯುವ ಕೆಲಸ. ಅವಳ ಅಪ್ಪ ಒಮ್ಮೆ ಬಜಾರಿನಲ್ಲಿ ಸಿಕ್ಕು, ದೂರದಿಂದಲೇ ಕೂಗಿದರು: “ಬಾಯೀರಿ, ಆ ಹರಳ ಬೇಯಲೇ ಇಲ್ಲಲ್ರೀ!” ಅವರಿಗೆ ಅವಳು ಏನು ಹೇಳಿದ್ದಾಳೋ ಗೊತ್ತಿಲ್ಲ, ನನ್ನ ಮೇಲೆ ಏನೂ ಹಾಕಿಲ್ಲ ಎಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಏಳೂಕಾಲಿನ ಬಸ್ಸಿನಲ್ಲಿ ನಾನೀಗ ಹಿಂದೆ, ಸಿಕ್ಕಲ್ಲಿ ಕೂರುತ್ತೇನೆ.

ಭಟ್ಟಿಗೆ ನಾನೀಗ ವಿಭೂತಿ ಹಚ್ಚುವುದಿಲ್ಲ. ಕರಡಿಗೆ ಮನೆಯ ದೇವರ ಮುಂದೆ ಬಿಟ್ಟು ಬರುತ್ತೇನೆ, ಬಂದ ಮೇಲೆ ಎರಡು ಸಲ ಕೈ ತೊಳೆಯುತ್ತೇನೆ.

ಹೋದ ತಿಂಗಳು ಹಳೆಯ ವಹಿಗಳನ್ನು ಕಪಾಟಿನಿಂದ ಇಳಿಸಿದೆ. ಪ್ರತಿ ಸೋಮವಾರದ ಷರಾದಲ್ಲಿ, ‘ದೋಣಿಗೆ ವಿಭೂತಿ ಹಚ್ಚಿದ್ದೆ’ ಎಂದು ಕೆಂಪು ಪೆನ್ನಿನಲ್ಲಿ ಬರೆದು, ಬರೆದ ತಾರೀಖು ಹಾಕಿ, ಸಹಿ ಮಾಡುತ್ತ ಬಂದೆ. ಹಳೆಯ ಪುಟ ತಿದ್ದುವುದು ನಿಯಮಕ್ಕೆ ವಿರುದ್ಧ. ಅದಕ್ಕೇ ತಾರೀಖು ಹಾಕಿದ್ದು. ಊಟದ ಬಿಡುವಿನಲ್ಲಿ ದಿನಕ್ಕೆ ಇಷ್ಟಿಷ್ಟು. ಒಂದು ದಿನ ಸರ್ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. ಅವರು ಒಂದು ಪುಟ ಪೂರ್ತಿ ಓದಿದರು. ಗೋಡೆಯ ಕಡೆ, ಭಟ್ಟಿಯ ಕಡೆ, ಆ ಗೆರೆ ಇದ್ದ ಜಾಗದ ಕಡೆ ನೋಡಿದರು. ತಮ್ಮ ಕೋಣೆಗೆ ಹೋದರು.

ಅವಳು ಪೇಢೆ ತಂದ ದಿನದ ಪುಟವೂ ಬಂತು. ಅಂದೂ ಸೋಮವಾರವೇ. ಷರಾದಲ್ಲಿ ಆಗಲೇ ನನ್ನ ಅಕ್ಷರ ತುಂಬಿತ್ತು: ‘ಒಂದಕ್ಕೆ ಕರೆಂಟ್ ಹೋಯಿತು. ಹುಡುಗಿಗೆ ಹೊಸದು ಸಿಕ್ಕಿತು. ಪೇಢೆ ಕೊಟ್ಟಳು, ಎರಡು ತಿಂದೆ.’ ಕೆಳಗೆ ಜಾಗವಿರಲಿಲ್ಲ. ವಹಿಯನ್ನು ಅಡ್ಡ ತಿರುಗಿಸಿ ಪುಟದ ಅಂಚಿನಲ್ಲಿ ಬರೆದೆ.